ಗಿರಣಿ ಚಾಳಿನ ನಳ

ನಾನು ಒಂದು ನಳ. ಹಿತ್ತಾಳೆಯ ನಳ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿನ ಪ್ಲಾಸ್ಟಿಕ್ ನಳಗಳ ಜೊತೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಸೋರುವ ತಂಬಿಗೆ, ಬಾಯಿ ಹೋದ ಬಿಂದಿಗೆ, ಯಾವುದೋ ಮನೆಯ ಬಾಗಿಲ ಚಿಲಕ, ಎಲ್ಲ ಒಂದೇ ಮೂಸೆಯಲ್ಲಿ ಕರಗಿ ಮರಳಿನ ಅಚ್ಚಿಗೆ ಬಿದ್ದು ನಾನಾದೆ. ಎರಕದವನು ನನ್ನ ಬಾಯಿಗೆ ಅರ ಹಾಕಿ ಉಜ್ಜಿದಾಗ ಜೀವವೇ ಹೋದಂತಾಯಿತು. ಕೊನೆಗೆ ತಲೆಯ ಮೇಲೊಂದು ಹಿಡಿಕೆ ಕೂರಿಸಿ, ತಿರುವಿ ನೋಡಿ, "ಗಟ್ಟಿ ಅದ ಬಿಡು" ಅಂದ. ಆ ಮಾತಿನ ಜಂಬ ನನಗೆ ಇನ್ನೂ ಇಳಿದಿಲ್ಲ.

ಹುಬ್ಬಳ್ಳಿಯ ಒಂದು ಗಿರಣಿ ಚಾಳಿನ ಅಂಗಳದಲ್ಲಿ, ಕಲ್ಲುಗೋಡೆಗೆ ನನ್ನನ್ನು ಕೂರಿಸಿದರು. ಎದುರುಬದುರು ಸಾಲುಮನೆಗಳು, ಎಲ್ಲಕ್ಕೂ ಸೇರಿ ನಾನೊಂದೇ. ನೀರು ಬರುವುದು ವಾರಕ್ಕೊಮ್ಮೆ, ಅದೂ ಬೆಳಗಿನ ಒಂದಿಷ್ಟು ಹೊತ್ತು. ಆ ಒಂದಿಷ್ಟು ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತು ಅಂತೀರಿ! ನನ್ನ ಎತ್ತರಕ್ಕೆ ಕಾಣುವುದು ಮೊಣಕಾಲು, ಸೆರಗು, ಎಳೆದಾಡುವ ಕೈಗಳು. ರಟ್ಟೆಯಲ್ಲಿ ಬಲವಿದ್ದವರು ಹಂಡೆಗಟ್ಟಲೆ ತುಂಬಿಕೊಂಡರು. ಮುದುಕಿಯರು, ಬಸುರಿಯರು ಬರಿಗೊಡ ಹೊತ್ತು ಹೋದರು. ಒಂದು ದಿನ ನೂಕಾಟದಲ್ಲಿ ಯಾರದೋ ತಾಮ್ರದ ಕೊಡ ಅದೇ ಚಾಳಿನ ಹಸೀನಾಬಿಯ ಹಣೆಗೆ ಬಡಿಯಿತು. ರಕ್ತ ನನ್ನ ಬುಡದ ಗಟಾರಕ್ಕೆ ಹರಿಯಿತು. ಅಂದು ಯಾರೂ ನೀರು ತುಂಬಲಿಲ್ಲ.

ಸಂಜೆ ಚಾಳಿನವರೆಲ್ಲ ಅಂಗಳದಲ್ಲಿ ಕೂತರು. ಮೊದಲು ಬಾಯಿ ಬಿಟ್ಟವಳು ಮೂಲೆಮನೆಯ ತುಳಜವ್ವ. ಗಂಡ ತೀರಿಹೋದ ಮೇಲೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದ ಹೆಂಗಸು. ನೀರಿಲ್ಲದಿದ್ದರೆ ಅವಳಿಗೆ ಹಿಟ್ಟು ನಾದಲಾಗದು, ಒಲೆ ಹೊತ್ತುವುದಿಲ್ಲ.

"ಹಿಂಗ ಬಡದಾಡಿದ್ರ ನೀರು ಸಿಗೂಕಿಂತ ಮೊದ್ಲ ಹೆಣಾ ಬೀಳ್ತಾವ," ಅಂದಳು. "ಯಾರರ ಒಬ್ರು ಮುಂದ ನಿಂತು ಪಾಳಿ ಹಚ್ರಿ. ಅವ್ರು ಹೇಳಿದಂಗ ನಾವೆಲ್ಲಾ ಕೇಳೂಣು."

ಎಲ್ಲರೂ ಗದಿಗೆಪ್ಪನ ಕಡೆ ನೋಡಿದರು. ಗಿರಣಿಯಲ್ಲಿ ಜಾಬರ್, ಅಂದರೆ ಮಗ್ಗದವರ ಮೇಸ್ತ್ರಿಯಾಗಿ ನಿವೃತ್ತನಾದವನು. ಮಗ್ಗಗಳ ಸದ್ದನ್ನೂ ಮೀರಿ ಕೇಳುವ ಗಂಟಲು ಅವನದು. ಅವನು ಎದ್ದು ನಿಂತು ಹೇಳಿದ: "ಕೊಡಾನ ಪಾಳಿ. ಹಿಂದಿನ ದಿನಾ ಸಂಜೀಕ ಕೊಡಾ ಸಾಲಾಗಿ ಇಡ್ರಿ, ಮನೀಗೆ ಹೋಗ್ರಿ. ಯಾರ ಕೊಡಾ ಎಲ್ಲೈತೋ ಅವ್ರ ಪಾಳಿ ಅಲ್ಲೈತಿ. ಇನ್ನೊಬ್ರ ಕೊಡಕ್ಕ ಯಾರೂ ಕೈ ಹಚ್ಚಂಗಿಲ್ಲ. ನಾನೂ ಹಚ್ಚಂಗಿಲ್ಲ."

ಸುಳ್ಳು ಯಾಕೆ ಹೇಳಲಿ, ಆ ದಿನಗಳು ಚಂದವಿದ್ದವು. ಕೊಡಗಳು ಮೊಮ್ಮಕ್ಕಳ ಹಾಗೆ ಶಿಸ್ತಾಗಿ ಕೂತಿರುತ್ತಿದ್ದವು. ಹಸೀನಾಬಿ ಹಣೆಯ ಪಟ್ಟಿ ಬಿಚ್ಚಿದ ಮೇಲೆ ಬಂದು ನಿಧಾನವಾಗಿ ತುಂಬಿಕೊಂಡು, ತುಳಜವ್ವನ ಜೊತೆ ನಾಲ್ಕು ಮಾತಾಡಿ ಹೋಗುತ್ತಿದ್ದಳು. ಗದಿಗೆಪ್ಪ ನನ್ನ ಪಕ್ಕದಲ್ಲಿ ನಿಂತಿದ್ದಾನೆಂದರೆ ನನಗೂ ಧೈರ್ಯ.

ಆದರೆ ಮುಂದೆ ನಿಂತವನಿಗೆ ಮುಂದೆ ನಿಲ್ಲುವುದೇ ರುಚಿಯಾಗಿಬಿಟ್ಟಿತು. ನಳದ ಹತ್ತಿರ ನಗಬಾರದು ಅಂದ. ತನಗೆ ನಮಸ್ಕಾರ ಹೇಳದವರ ಕೊಡ ಅರ್ಧ ತುಂಬುತ್ತಿದ್ದಂತೆ ನನ್ನನ್ನು ಬಂದ್ ಮಾಡಿದ. ಒಂದು ದಿನ ಪಾನಾ ತಂದು, ನನ್ನ ಹಿಡಿಕೆಯನ್ನೇ ಬಿಚ್ಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ಹುಡುಗ್ರು ಆಟಾ ಆಡ್ತಾವ" ಎಂದು ನೆಪ. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಜಗಳವಿಲ್ಲದೆ ನೀರು ಸಿಗುತ್ತಿದೆಯಲ್ಲ, ಸಾಕು ಅಂದುಕೊಂಡರು. ನನಗೆ ಹೇಗಾಗಿರಬೇಡ! ನನ್ನ ತಲೆ ಇನ್ನೊಬ್ಬನ ಕಿಸೆಯಲ್ಲಿ!

ಆಗಲೇ ಚಾಳಿನ ಗೋಡೆಯಾಚೆ ಬೀಸುಕಲ್ಲಿಗೆ ಉಳಿ ಹೊಡೆಯುವವರ ಒಂದು ಕುಟುಂಬ ಬಂದು ಜೋಪಡಿ ಹಾಕಿತು. ಆ ಮನೆಯ ಹೆಂಗಸು ಅಲ್ಲೇ ಹೆತ್ತಳು. ತುಳಜವ್ವ ತನ್ನ ಪಾಲಿನ ನೀರಿನಲ್ಲಿ ಒಂದು ಕೊಡ ಒಯ್ದು ಕೊಟ್ಟಳು. ಗದಿಗೆಪ್ಪನಿಗೆ ಗೊತ್ತಾಯಿತು.

"ಚಾಳಿನ ನೀರು ಹೊರಗ ಹೋಗಂಗಿಲ್ಲ," ಅಂದ.

"ನಳದಾಗ ಇರೂತನಕ ಚಾಳಿಂದು ಕಾಕಾ. ನನ್ನ ಕೊಡಕ್ಕ ಬಿದ್ದಮ್ಯಾಲೆ ನಂದು. ನಾ ಕುಡಿತೀನೋ, ಚೆಲ್ತೀನೋ, ಆ ಹಸಿಬಾಣಂತಿ ಮೈಮ್ಯಾಲೆ ಹಾಕ್ತೀನೋ, ಅದನ್ನ ತುಗೊಂಡು ನೀವೇನು ಮಾಡ್ತೀರಿ?"

"ಎದುರು ಮಾತಾಡ್ತೀ? ಮುಂದಿನ ವಾರದಿಂದ ನಿನ್ನ ಕೊಡಾ ಪಾಳ್ಯಾಗ ಇರಂಗಿಲ್ಲ."

ತುಳಜವ್ವ ಮುಂದಿನ ವಾರ ಎಂದಿನಂತೆ ಕೊಡ ತಂದು ಸಾಲಿನಲ್ಲಿಟ್ಟಳು.

ನೀರಿನ ದಿನ ಬೆಳಿಗ್ಗೆ ಎಲ್ಲರೂ ನೋಡುತ್ತಿದ್ದಂತೆ ಗದಿಗೆಪ್ಪ ಅವಳ ಕೊಡ ಎತ್ತಿ ಗಟಾರದ ಪಕ್ಕ ಇಟ್ಟ. ಅವಳು ಅದನ್ನು ಮತ್ತೆ ಸಾಲಿಗೆ ತಂದಿಟ್ಟಳು. ಅವನು ಈ ಸಲ ಒದ್ದ. ಕೊಡ ಉರುಳಿ, ನನ್ನ ಗೋಡೆಗೆ ಬಡಿದು, ಹೊಟ್ಟೆ ನಗ್ಗಿಹೋಯಿತು.

"ಕೊಡಕ್ಕ ಯಾರೂ ಕೈ ಹಚ್ಚಂಗಿಲ್ಲ ಅಂತ ನೀವ ಹೇಳೀರಿ. ಈಗ ಕಾಲು ಹಚ್ಚೀರಿ," ಅಂದಳು ತುಳಜವ್ವ. ನಿಂತಲ್ಲಿಂದ ಹಿಂದೆ ಸರಿಯಲಿಲ್ಲ.

"ಪಾಳಿ ಮಾಡಿದಾಂವ ನಾನ! ನನಗ ಕಲಸ್ತೀಯೇನು?"

"ನೀವೊಬ್ರ ಮಾಡಿದ್ದಲ್ಲ ಕಾಕಾ. ನಾವು ಕೇಳ್ತೀವಿ ಅಂದಿದ್ದಕ್ಕ ಅದು ಪಾಳಿ ಆತು. ತಲಿ ಒಡೀಬಾರ್ದು ಅಂತ ನಿಮ್ಮನ್ನ ನಿಲ್ಲಿಸಿದ್ವಿ. ತಲಿ ಬಗ್ಗಸ್ತೀವಿ ಅಂತ ಯಾರೂ ಹೇಳಿದ್ದಿಲ್ಲ."

ಶಹಬ್ಬಾಸ್ ತುಳಜವ್ವಾ! ನನಗೆ ಕೈಯಿದ್ದರೆ ಅಲ್ಲೇ ಚಪ್ಪಾಳೆ ಹೊಡೆಯುತ್ತಿದ್ದೆ.

ಅಷ್ಟರಲ್ಲಿ ನನ್ನ ಗಂಟಲಲ್ಲಿ ಗೊರಗೊರ ಸದ್ದಾಗಿ ನೀರು ಬಂತು. ಗದಿಗೆಪ್ಪ ಕಿಸೆಯಿಂದ ಹಿಡಿಕೆ ತೆಗೆದು ಕೂರಿಸಿ, ಸಾಲಿನ ಮೊದಲ ಕೊಡದವಳನ್ನು ಕರೆದ. ಅವಳು ಹಸೀನಾಬಿ. ಹಸೀನಾಬಿ ಕೊಡವನ್ನು ನನ್ನ ಕೆಳಗಿಟ್ಟಳು. ಅವನು ತಿರುವಲು ಹೋದಾಗ ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ತುಳಜವ್ವನ ಕೊಡಾ ಅದರ ಜಾಗಕ್ಕ ಬರ್ಲಿ. ಅಲ್ಲೀತನಕ ನಾ ತುಂಬೂದಿಲ್ಲ."

ಅವನು ಎರಡನೆಯವಳನ್ನು ಕರೆದ. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳೇ ಹೊರತು ಬರಲಿಲ್ಲ. ಮೂರನೆಯವಳೂ ಬರಲಿಲ್ಲ. ನೀರು ಹೋಗಿಬಿಟ್ಟರೆ ಇಡೀ ವಾರ ಚಾಳಿಗೆ ಚಾಳೇ ಒಣಗಬೇಕು. ಅದು ಎಲ್ಲರಿಗೂ ಗೊತ್ತಿತ್ತು. ಮಕ್ಕಳು ಅಳುತ್ತಿದ್ದವು. ನನ್ನೊಳಗೆ ನೀರು ಒತ್ತುತ್ತಿತ್ತು, ನನಗೇ ಭಯವಾಯಿತು. ಗದಿಗೆಪ್ಪ ಒಬ್ಬೊಬ್ಬರ ಮುಖ ನೋಡಿದ. ಕೊನೆಗೆ, "ಹಾಳಾಗಿ ಹೋಗ್ರಿ! ನೀವ ಮಾಡ್ಕೋರಿ!" ಎಂದು ಹಿಡಿಕೆ ಕಿತ್ತು ನೆಲಕ್ಕೆಸೆದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಂಗಳ ಕೇಕೆ ಹಾಕಿತು. ಮಗ್ಗದ ಪರಸಪ್ಪ, ಬಿಸಿರಕ್ತದ ಹುಡುಗ, ಗದಿಗೆಪ್ಪನ ಮನೆಯ ಕೊಡವನ್ನು ಸಾಲಿನಿಂದ ಎತ್ತಿ ಗಟಾರಕ್ಕೆ ಬಿಸಾಡಿದ. "ಇನ್ನ ಯಜಮಾನನೂ ಬ್ಯಾಡ, ಪಾಳಿನೂ ಬ್ಯಾಡ!" ಕೊಡ ಇಟ್ಟಿದ್ದ ಗದಿಗೆಪ್ಪನ ಸೊಸೆ ನೀಲವ್ವ ಗೋಡೆಗೆ ಆತು ನಿಂತು ಅತ್ತಳು. ಜನ ನಕ್ಕರು. ಹಿಂದಿನವರು ಆಗಲೇ ಮುಂದೆ ನುಗ್ಗತೊಡಗಿದ್ದರು.

"ಏ ಪರಸ್ಯಾ! ಎತ್ತಿಡು ಅದನ್ನ!" ತುಳಜವ್ವ ಚೀರಿದಳು.

"ಅಲ್ಲಬೇ, ನಿನ್ನ ಕೊಡಾ ಒದ್ದಾಂವನ ಮನೀದದು!"

"ಗೊತ್ತೈತಿ. ಕೈ ಹಚ್ಚಂಗಿಲ್ಲ ಅಂದ್ರ ಗದಿಗೆಪ್ಪಂದಕ್ಕೂ ಹಚ್ಚಂಗಿಲ್ಲ. ನನಗ ಸೇರದವ್ರ ಕೊಡಾ ಗಟಾರಕ್ಕ ಹೋಗೂದಾದ್ರ ನಾ ಬೆಳಿಗ್ಗಿಂದ ಯಾತಕ್ಕ ನಿಂತೆ?"

ಯಾರೂ ಅಲುಗದಿದ್ದಾಗ ಅವಳೇ ಗಟಾರಕ್ಕಿಳಿದು ಆ ಕೊಡ ತೆಗೆದು, ಸೆರಗಿನಿಂದ ಒರೆಸಿ, ಅದರ ಜಾಗದಲ್ಲಿಟ್ಟಳು. ಆಮೇಲೆ ತನ್ನ ನಗ್ಗಿದ ಕೊಡವನ್ನು ತನ್ನ ಜಾಗಕ್ಕೆ ತಂದಳು. ನೀಲವ್ವನದು ಅವಳದಕ್ಕಿಂತ ಮುಂದಿತ್ತು. ಹಸೀನಾಬಿ ನೆಲದಿಂದ ಹಿಡಿಕೆ ಎತ್ತಿ ನನ್ನ ತಲೆಗೆ ಕೂರಿಸಿ ತಿರುವಿದಳು, ಆದರೆ ಹೊತ್ತು ಮೀರಿತ್ತು. ನೀಲವ್ವನ ಕೊಡ ತುಂಬಿತು. ತುಳಜವ್ವನ ಪಾಳಿ ಬರುವಾಗ ನನ್ನ ಧಾರೆ ದಾರದಷ್ಟಾಗಿತ್ತು. ನಾನು ತಿಣುಕಿದೆ, ಕೊಳವೆಯ ತಳದಿಂದ ಎಳೆದೆ, ಆದರೂ ಅವಳಿಗೆ ಸಿಕ್ಕಿದ್ದು ಅರ್ಧ ಕೊಡ. ಅದನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲರ ಕಣ್ಣೆದುರೇ ಗೋಡೆಯಾಚೆ ಬಾಣಂತಿಯ ಜೋಪಡಿಗೆ ಹೋದಳು. ತಡೆಯುವ ಗಂಡಸು ಅಂಗಳದಲ್ಲಿ ಒಬ್ಬನೂ ಇರಲಿಲ್ಲ.

ಅಂದಿನಿಂದ ನನ್ನ ಹಿಡಿಕೆ ನನ್ನ ತಲೆಯ ಮೇಲೇ ಉಳಿಯಿತು. ವಾರಕ್ಕೊಂದು ಮನೆಯವರು ಮುಂದೆ ನಿಂತರು. ಗದಿಗೆಪ್ಪನ ಮನೆಯ ಸರದಿಯೂ ಬಂತು, ನೀಲವ್ವ ನಿಂತಳು.

ಈಗ ಮನೆಮನೆಗೂ ಬೇರೆ ನಳ ಬಂದಿದೆ. ನನ್ನನ್ನು ಕಿತ್ತು ಗುಜರಿಗೆ ಹಾಕಿದ್ದಾರೆ. ತುಕ್ಕು ಹಿಡಿದ ಬೀಗ, ಕೊಂಡಿಗಳ ನಡುವೆ ಬಿದ್ದಿದ್ದೇನೆ. ವಾಷರು ಸವೆದಿದೆ, ಬಾಯಿಗೆ ಹಸಿರು ಕಟ್ಟಿದೆ. ಮುದಿಯಾಯಿತು, ಇನ್ನು ಕರಗಿಸುತ್ತಾರೆ ಅಂತ ಮರುಗಬೇಡಿ. ಕರಗಿಸಲಿ, ನಾನು ಹುಟ್ಟಿದ್ದೇ ಬೆಂಕಿಯಲ್ಲಿ. ಮತ್ತೆ ನಳ ಮಾಡಿ ಯಾವ ಗೋಡೆಗಾದರೂ ಕೂರಿಸಲಿ, ನೀರು ಕೊಡುತ್ತೇನೆ. ಆದರೆ ನನ್ನ ಹಿಡಿಕೆಗೆ ಕೈ ಹಾಕಿದವನನ್ನು ಮೊದಲು ಕೇಳುತ್ತೇನೆ: ನಿನ್ನನ್ನು ಇಲ್ಲಿ ನಿಲ್ಲಿಸಿದವರು ಯಾರು? ಉತ್ತರ ಬರುವತನಕ ಒಂದು ಹನಿಯೂ ಇಲ್ಲ.