ಗುಮಾಸ್ತರ ತಪ್ಪೊಪ್ಪಿಗೆ

ವಕೀಲರು ಹೊಸ್ತಿಲು ದಾಟಿದ್ದೇ ತಡ, ಕೂತಿದ್ದವರೆಲ್ಲ ದಡಬಡಿಸಿ ಎದ್ದರು. ಮೂರು ಕುರ್ಚಿಗಳು ಒಟ್ಟಿಗೇ ಅವರ ಹಿಂದೆ ಬಂದವು. ನಿನ್ನೆಯವರೆಗೆ ಇವರ ಹೆಸರೆತ್ತಿದರೆ ಹಲ್ಲು ಕಡಿಯುತ್ತಿದ್ದ ಬಾಯಿಗಳೇ ಈಗ "ಬನ್ನಿ ಸಾರ್, ಕೂತ್ಕೊಳಿ ಸಾರ್" ಎಂದವು. ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ತಲೆ ಬಾಚುತ್ತಿದ್ದ ಮಗಳು ಬಾಚಣಿಗೆ ಹಿಡಿದೇ ಅತ್ತ ನೋಡಿದಳು.

"ಮೂವತ್ತೊಂದು ವರ್ಷ ನನ್ನ ಹತ್ರ ಗುಮಾಸ್ತರಾಗಿದ್ರು," ವಕೀಲರು ಪೆಟ್ಟಿಗೆಯತ್ತ ನೋಡಿ ನಿಟ್ಟುಸಿರಿಟ್ಟರು. "ನನ್ನ ಬಲಗೈ ಹೋಯ್ತು."

"ಎಡಗೈ ಚೆನ್ನಾಗಿದೆಯಲ್ಲ ಸಾರ್," ಎಂದಳು ಇಸ್ತ್ರಿ ಅಂಗಡಿಯ ಮುದುಕಿ. ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ವಕೀಲರು ಹುಡುಗಿಯ ಸೋದರಮಾವನನ್ನು ಹತ್ತಿರ ಕರೆದು ಪಿಸುಗುಟ್ಟಿದರು. ಮಾವ ಒಂದು ಕಾಗದ ಹಿಡಿದು ಬಂದ.

"ಪುಟ್ಟೀ, ಇಲ್ಲೊಂದು ಸಹಿ ಹಾಕು. ವಕೀಲರ ಸಂಘದ ಪರಿಹಾರ ನಿಧಿಯಿಂದ ಮುಳುಗಿಹೋದ ನಮ್ಮೆಲ್ಲರ ದುಡ್ಡು ಬರುತ್ತಂತೆ. ಮೂರೇ ತಿಂಗಳು."

"ಅಪ್ಪ ಆಗಲೇ ಅರ್ಜಿ ಹಾಕಿದ್ದಾರಲ್ಲ ಮಾವ."

"ಅದರಲ್ಲಿ ನನ್ನ ಮೇಲೆ ಬರೆದಿದ್ದಾರಮ್ಮ," ವಕೀಲರು ಮೃದುವಾಗಿ ಹೇಳಿದರು. "ನಾನು ಅದರ ವಿರುದ್ಧ ಕೇಸು ನಡೆಸಿದ್ರೆ ಹತ್ತು ವರ್ಷ ಎಳೆಯುತ್ತೆ. ಗುಮಾಸ್ತರದ್ದೇ ತಪ್ಪು ಅಂತಾದ್ರೆ ಜಗಳವೇ ಇಲ್ಲ. ಪಾಪ, ಇವರೆಲ್ಲ ಎಷ್ಟು ದಿನ ಕಾಯ್ತಾರೆ?"

*

ಎರಡು ವರ್ಷದ ಹಿಂದೆ ವಕೀಲರ ಆಫೀಸಿಗೆ ಬೀಗ ಬಿದ್ದಾಗ ಕಕ್ಷಿದಾರರ ದುಡ್ಡು ಒಳಗೇ ಕರಗಿಹೋಗಿತ್ತು. ಜಾಗ ಮಾರಿದ್ದು, ಅಪಘಾತದ ಪರಿಹಾರ, ಕೋರ್ಟಿಗೆ ಕಟ್ಟಲೆಂದು ಕೊಟ್ಟದ್ದು, ಎಲ್ಲ. ವಕೀಲರು ಎದೆನೋವೆಂದು ಆಸ್ಪತ್ರೆ ಸೇರಿದರು. ಫೈಲುಗಳು ರದ್ದಿಗೆ ಹೋಗಬಾರದೆಂದು ಅಪ್ಪ ಅವನ್ನು ಗೋಣಿಚೀಲದಲ್ಲಿ ಹೊತ್ತು ತಂದರು. ಮನೆಯೆಲ್ಲ ಧೂಳು, ಇಲಿ ಹಿಕ್ಕೆ. ಮಗಳು ಒಂದೊಂದೇ ಹೆಸರು ಓದಿ ಹೇಳುವಳು, ಅವರು ಅರ್ಜಿ ಬರೆಯುವರು. ಆಮೇಲೆ ಸೈಕಲ್ ತುಳಿದು ಮನೆಮನೆಗೆ ಹೋಗಿ, ಬೈಗುಳ ತಿಂದು, ಸಹಿ ಹಾಕಿಸಿ ತರುವರು.

"ನಿಮ್ಮನ್ನ ಯಾಕಪ್ಪ ಬಯ್ಯಬೇಕು?"

"ಕೈಗೆ ಸಿಕ್ಕವನು ನಾನೊಬ್ಬನೇ ಅಲ್ವೇನೇ. ರಸೀದಿ ಬರೆದ ಕೈ ನಂದು. ದುಡ್ಡು ತಗೊಂಡ ಕೈ ಯಾರದ್ದು ಅಂತ ಪ್ರತಿ ಅರ್ಜೀಲೂ ಬರೆದಿದ್ದೀನಿ. ಅಷ್ಟು ಸಾಕು."

ಇಸ್ತ್ರಿ ಮುದುಕಿಯ ಅರ್ಜಿಯನ್ನು ನಾಲ್ಕು ಸಲ ಬರೆದರು. ಅವಳು ಒಂದೊಂದು ಸಲ ಒಂದೊಂದು ತಾರೀಕು ಹೇಳುತ್ತಿದ್ದಳು.

*

ಮಗಳು ಮಾವನಿಂದ ಕಾಗದ ಇಸಿದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ, ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಒಂದೊಂದು ಪದದ ಕೆಳಗೂ ಬೆರಳಿಟ್ಟು ಮುಂದುವರಿದಳು.

"'ಕಕ್ಷಿದಾರರ ಹಣವನ್ನು... ತಾವೇ ಬಳಸಿಕೊಂಡಿದ್ದಾಗಿ... ನನ್ನ ತಂದೆಯವರು ಸಾಯುವ ಮುನ್ನ... ನನ್ನ ಬಳಿ ಒಪ್ಪಿಕೊಂಡಿರುತ್ತಾರೆ.'"

ಯಾರಾದರೂ ತಲೆ ತಗ್ಗಿಸುತ್ತಾರೇನೋ ಎಂದು ನೋಡಿದಳು.

"ಓದಿದ್ದು ಸಾಕು ಮಗಳೇ, ಸಹಿ ಹಾಕು," ಎಂದಳು ಮುದುಕಿ. "ವ್ಯಾನಿನವನು ಆಗ್ಲಿಂದ ಕಾಯ್ತಿದ್ದಾನೆ."

"ಅಪ್ಪ ಹಾಗೆ ಹೇಳಲಿಲ್ಲ."

"ಹೇಳಲಿಲ್ಲ ಅಂತ ನಮಗೂ ಗೊತ್ತು ಕಣೇ," ಮಾವ ಅವಳ ಕಿವಿಯತ್ತ ಬಗ್ಗಿದ. "ಈಗ ಹೇಳಿದ್ರು ಅಂದ್ರೆ ಅವರ ಗಂಟೇನು ಹೋಗುತ್ತೆ?"

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಬಗ್ಗಿ, ಅಪ್ಪನ ಅಂಗಿಯ ಜೇಬಿಗೆ ಹಾಕಿದಳು.

"ಹಾಗಾದ್ರೆ ಅವರ ಹತ್ರಾನೇ ಇರಲಿ. ಮುಚ್ಚಳ ಹಾಕಿ."

ಮುಚ್ಚಳಕ್ಕೆ ಯಾರೂ ಕೈ ಹಾಕಲಿಲ್ಲ. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ವಕೀಲರು ಕುರ್ಚಿಯಿಂದ ಏಳಲೂ ಇಲ್ಲ. ಮಾವನ ಮುಖ ನೋಡಿದರು, ಅಷ್ಟೆ. ಮಾವ ಪೆಟ್ಟಿಗೆಯ ಮೇಲೆ ಬಗ್ಗಿದ. ತನ್ನ ಅಂಗಿಯ ತೋಳು ಮೇಲಕ್ಕೆ ಮಡಚಿ, ಸತ್ತವರ ಜೇಬಿಗೆ ಎರಡು ಬೆರಳು ಇಳಿಸಿದ.