ಜುಮ್ಮೆನ್ನುವ ಪೆಟ್ಟಿಗೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಅಳಿಯನಿಗೆ ಅತ್ತೆ ಇಟ್ಟ ಹೆಸರು ಉಜ್ಜಪ್ಪ. ಅದು ಬೆನ್ನ ಹಿಂದೆ. ಎದುರಿಗೆ ಬಂದರೆ "ಅಳಿಯಂದಿರು", ಅದೂ ಮುಖ ನೋಡದೆ. ಮದುವೆಯಾಗಿ ಹನ್ನೊಂದು ವರ್ಷ, ಅತ್ತೆ ಇವರ ಮನೆಗೆ ಬಂದು ಆರು ವರ್ಷ. ಇಷ್ಟರಲ್ಲಿ ಆಕೆ ಅವನ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದನ್ನು ಕೇಳಿದವರಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತರಾದವರು, ಅಳಿಯನನ್ನೂ ಅದೇ ಹಿಂದಿನ ಬೆಂಚಿನಲ್ಲಿ ಕೂರಿಸಿಬಿಟ್ಟಿದ್ದರು.

ಹಾಗಾಗಿ ಹಳೆಯ ಟಿವಿ ಕೈಕೊಟ್ಟಾಗ ಅವನಿಗೆ ಒಳಗೊಳಗೇ ಖುಷಿಯೇ ಆಯಿತು.

"ಟಿವಿ ತಂದ್ರೆ ಬರೀ ಟಿವಿ," ಎಂದು ಹೆಂಡತಿಗೆ ಹೇಳಿದ. "ಒಂದು ಕಂಪ್ಯೂಟರ್ ಜೋಡಿಸಿದ್ರೆ ಸಿನಿಮಾ, ಹಾಡು, ಧಾರಾವಾಹಿ ಎಲ್ಲಾ ಅದರಲ್ಲೇ. ನಾನೇ ಜೋಡಿಸ್ತೀನಿ. ಅರ್ಧ ದುಡ್ಡಲ್ಲಿ ಆಗುತ್ತೆ."

"ನಮ್ಮಮ್ಮನ ಬಾಯಿಗೆ ಬೀಳೋದಕ್ಕೆ ನಿಮಗೆ ಎಷ್ಟು ಆಸೆ!" ಎಂದಳು ಹೆಂಡತಿ.

ಒಂದು ತಿಂಗಳು ಅವನಿಗೆ ಬೇರೆ ಧ್ಯಾನವಿರಲಿಲ್ಲ. ಓಣಿಯ ಕೊನೆಯಲ್ಲಿ ಹಳೆಯ ಬಿಡಿಭಾಗಗಳ ಅಂಗಡಿ ಇತ್ತು. ಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋಗಿ ಅಂಗಡಿಯವನ ತಲೆ ತಿಂದ. ಯಾವುದೋ ಕಚೇರಿಯವರು ಹೊರಗೆ ಹಾಕಿದ ಬೋರ್ಡು, ಪ್ರೊಸೆಸರ್ ಸಿಕ್ಕವು. ಮೂಲೆಯಲ್ಲಿ ಗೀರು ಬಿದ್ದ ದೊಡ್ಡ ಪರದೆ ಸಿಕ್ಕಿತು. ತಗಡಿನ ಪೆಟ್ಟಿಗೆಯೊಂದರ ಜೊತೆಗೆ, ಒಳಗಿನ ಬೋರ್ಡಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬ ಪುಕ್ಕಟೆಯಾಗಿ ಬಂತು. ಅದರ ಮೇಲೆ ಹೆಸರಿರಲಿಲ್ಲ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಅದೊಂದರಲ್ಲಿ ಉಳಿಸಬೇಡಿ ಎಂದು ಅವನು ನೋಡಿದ ವೀಡಿಯೊಗಳೆಲ್ಲ ಬಡಕೊಂಡಿದ್ದವು. ಅವನು ಅಲ್ಲೇ ಉಳಿಸಿದ. ಗಾಜಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಎತ್ತಿಟ್ಟು ಮತ್ತೆ ಉಜ್ಜುವ ಮನುಷ್ಯ, ಇಲ್ಲಿ ಮಾತ್ರ ಕಣ್ಣಿಗೆ ಕಾಣದ ಸಾಮಾನಿಗೆ ಯಾಕೆ ಸುರಿಯಬೇಕು ಅಂದುಕೊಂಡ.

ಹಜಾರದ ಗೋಡೆಯಲ್ಲಿದ್ದದ್ದು ಎರಡೇ ತೂತಿನ ಹಳೆಯ ಸಾಕೆಟ್ಟು, ವೈರಿನ ತುದಿಯಲ್ಲಿದ್ದದ್ದು ಮೂರು ಪಿನ್ನು. ಇಕ್ಕಳ ತಂದು ದಪ್ಪನೆಯ ಪಿನ್ನನ್ನು ಲಟಕ್ಕನೆ ಮುರಿದ. ಪರದೆ ಬೆಳಗಿತು, ಹಾಡು ಬಂತು. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು ಒಂದು ಸಿನಿಮಾ ಪೂರ್ತಿ ನೋಡಿದರು. ಮುಗಿದ ಮೇಲೆ, ನೋಯುವ ಮೊಣಕಾಲಿನ ಆಸರೆಗೆ ಕೋಲೂರಿ ಕೋಣೆಗೆ ಹೋದರು.

ಪೆಟ್ಟಿಗೆ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ ಎಂದು ಮೊದಲು ಹೇಳಿದವಳು ಹೆಂಡತಿ. "ತಗಡು ಅಂದ್ಮೇಲೆ ಅಷ್ಟು ಇರುತ್ತೆ, ಏನಾಗಲ್ಲ," ಎಂದ ಅವನು. ಮಾರನೆಯ ದಿನ ಅಂಗಡಿಯವನ ಕಿವಿಗೆ ಹಾಕಿದಾಗ ಆತ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಮೂರನೇ ಪಿನ್ನು ಮುರಿದ್ರಾ? ತಗಡಿಗೆ ಬಂದ ಕರೆಂಟು ನೆಲಕ್ಕಿಳಿಯೋ ದಾರಿ ಅದೇ. ಇವತ್ತು ಜುಮ್ಮನ್ನುತ್ತೆ ಸ್ವಾಮಿ. ಒಳಗಡೆ ಒಂದು ವೈರು ಸುಟ್ಟು ತಗಡಿಗೆ ತಾಗಿತು ಅಂದ್ರೆ ಮುಟ್ಟಿದವರು ಬಿಡಿಸ್ಕೊಳ್ಳೋಕಾಗಲ್ಲ. ಮೊದಲು ಅರ್ಥಿಂಗ್ ಕೊಡಿ. ಆ ಪುಕ್ಕಟೆ ಡಬ್ಬ ಎಸೀರಿ."

ಅವನು ಅಲ್ಲಿಂದಲೇ ತಿರುಗಿದ. ಅವತ್ತೇ ಬದಲಾಯಿಸಬೇಕೆಂದು ಬಿರಬಿರನೆ ಮನೆಗೆ ಬಂದ. ಬಂದರೆ, ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಕೋಲು ಹಿಡಿಯದೆ ನಿಂತಿದ್ದಾರೆ.

"ಬಾರಪ್ಪ," ಎಂದರು. "ನಿನ್ನ ಪೆಟ್ಟಿಗೇಲಿ ಏನಿಟ್ಟಿದೀಯೋ ಮಾರಾಯ! ಮಧ್ಯಾಹ್ನ ಸಿನಿಮಾ ನೋಡ್ತಾ ಮೊಣಕಾಲು ಅದಕ್ಕೆ ತಾಗಿಸ್ಕೊಂಡು ಕೂತಿದ್ದೆ. ಇರುವೆ ಹರಿದ ಹಾಗಾಯ್ತು. ಎದ್ದರೆ ನೋವೇ ಇಲ್ಲ! ಎಂಟು ವರ್ಷದಿಂದ ಯಾವ ಡಾಕ್ಟರ ಕೈಲೂ ಆಗದ್ದು."

ಬಾರಪ್ಪ ಅಂದಿದ್ದರು. ಮಾರಾಯ ಅಂದಿದ್ದರು. ಅವನು ಉಬ್ಬಿಹೋದ. ಅಂಗಡಿಯವನ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು. ಇವತ್ತೊಂದಿನ ಇರಲಿ, ನಾಳೆ ಹೇಳೋಣ ಅಂದುಕೊಂಡ.

ನಾಳೆಗಳು ಒಂದು ವಾರವಾದವು. ಊಟವಾದ ಕೂಡಲೇ ಅತ್ತೆ ಕುರ್ಚಿ ಎಳೆದುಕೊಂಡು, ಎಡ ಅಂಗೈಯನ್ನು ಪೆಟ್ಟಿಗೆಯ ಮೇಲೂರಿ, ಮೊಣಕಾಲನ್ನು ತಗಡಿಗೆ ಒತ್ತಿ ಕೂರುವುದು ರೂಢಿಯಾಯಿತು. ಪಕ್ಕದ ಮನೆಯಾಕೆಗೆ, ಹಾಲಿನವನಿಗೆ, ಕಂಡಕಂಡವರಿಗೆಲ್ಲ "ನಮ್ಮ ಅಳಿಯನ ಕೈಗುಣ" ಎಂದು ಸಾರಿದರು. ಅವನು ಕೆಲಸ ಮಾಡುತ್ತ ಕೂತಲ್ಲಿ ಆ ಮಾತು ನೆನೆದು ನಗುತ್ತಿದ್ದ. ಮರುಗಳಿಗೆಯಲ್ಲೇ ಆ ಅಂಗೈ, ಆ ತಗಡು ಕಣ್ಣ ಮುಂದೆ ಬಂದು ಉಜ್ಜುವುದು ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ದಿನ ಯಾರದೋ ಗಾಜಿನ ಅಂಚು ಒಡೆದು ಮಾಲೀಕರಿಂದ ಉಗಿಸಿಕೊಂಡ.

ಹೆದರಿಕೆ ತಡೆಯಲಾರದೆ ಕೊನೆಗೊಂದು ಭಾನುವಾರ ಹೊಸ ಪ್ಲಗ್ಗು ಹಾಕಿ, ಅಡಿಗೆಮನೆಯ ಮೂರು ತೂತಿನ ಸಾಕೆಟ್ಟಿನಿಂದ ವೈರು ಎಳೆದ. ಜುಮ್ಮೆನ್ನುವುದು ನಿಂತೇಹೋಯಿತು. ಅತ್ತೆ ಮೊಣಕಾಲು ತಾಗಿಸಿದರು, ತೆಗೆದರು, ಮತ್ತೆ ತಾಗಿಸಿದರು.

"ಇದಕ್ಕೆ ಏನು ಮಾಡಿದ್ರಿ ಅಳಿಯಂದಿರೇ?"

"ಸರಿ ಮಾಡಿದೆ ಅತ್ತೆ. ಮುಟ್ಟಿದ್ರೆ ಜುಮ್ಮನ್ನಬಾರದು."

"ನನಗೆ ಒಳ್ಳೇದಾಗಿದ್ದು ಕಣ್ಣಿಗೆ ಬಿತ್ತಲ್ಲ, ಅದನ್ನೇ ಸರಿ ಮಾಡಿಬಿಟ್ರಿ," ಎಂದರು. ಅಷ್ಟೇ. ಮಾರನೆಯ ದಿನ ಮೂಲೆಯಲ್ಲಿದ್ದ ಕೋಲು ಕೈಗೆ ಬಂತು. ಕೋಣೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ನಿಂತು ನರಳುತ್ತಿದ್ದರು. ಅವನು ಹಿಡಿದುಕೊಳ್ಳಲು ಹೋದರೆ ಕೈ ಕೊಡವುತ್ತಿದ್ದರು. ನಿಜವಾದ ನೋವು ಎಷ್ಟು, ಹಟ ಎಷ್ಟು ಎಂದು ಅವನಿಗೆ ಗೊತ್ತಾಗಲಿಲ್ಲ. ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಬೇಕಾದರೆ, ಪಿನ್ನು ಮುರಿದವನು ನಾನೇ, ಪುಕ್ಕಟೆ ಡಬ್ಬ ತಂದವನೂ ನಾನೇ, ಗೊತ್ತಿದ್ದೂ ವಾರವಿಡೀ ಸುಮ್ಮನಿದ್ದವನೂ ನಾನೇ ಎಂಬುದೆಲ್ಲ ಹೇಳಬೇಕು. ಅಷ್ಟು ಗಟ್ಟಿ ಎದೆ ಅವನದಲ್ಲ.

ನಾಲ್ಕನೆಯ ದಿನ ಹೆಂಡತಿ ಬಟ್ಟೆ ಒಣಹಾಕಲು ಹೋದಾಗ, ಅಡಿಗೆಮನೆಯ ವೈರು ಸುತ್ತಿಟ್ಟು, ಮತ್ತೆ ಇಕ್ಕಳ ತೆಗೆದು ಹೊಸ ಪ್ಲಗ್ಗಿನ ಪಿನ್ನನ್ನೂ ಮುರಿದ. ಇಷ್ಟು ದಿನ ಆಗದ್ದು ಇನ್ನೇನಾಗುತ್ತೆ, ತಿಂಗಳ ಕೊನೆಗೆ ಒಳ್ಳೆಯ ಡಬ್ಬ ತಂದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

"ಬಂತು ಕಣಪ್ಪ, ಬಂತು!" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು. ಅವನಿಗೂ ಕಣ್ಣು ತುಂಬಿತು.

ಎರಡು ವಾರ ಮನೆ ಹಗುರಾಗಿತ್ತು. ಆಮೇಲೊಂದು ದಿನ ಪೆಟ್ಟಿಗೆಯ ಹಿಂದಿನಿಂದ ಕಮರು ವಾಸನೆ ಬಂತು. ಧೂಳಿರಬೇಕು ಎಂದು ಒರೆಸಿದ. "ಎರಡು ದಿನದಿಂದ ಸ್ವಲ್ಪ ಜೋರಾಗಿದೆ, ಇನ್ನೂ ಚೆನ್ನಾಗಿದೆ," ಎಂದರು ಅತ್ತೆ. ಆ ರಾತ್ರಿಯೇ ಅವನು ಹೊಸ ಡಬ್ಬಕ್ಕೆ ದುಡ್ಡು ಎಣಿಸಿಟ್ಟ. ಭಾನುವಾರ ಸಂಜೆ ಅಂಗಡಿಗೆ ಹೋಗುವುದೇ ಸರಿ ಎಂದು ನಿರ್ಧರಿಸಿದ.

ಭಾನುವಾರ ಮಧ್ಯಾಹ್ನ ಅವನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಹಜಾರದಲ್ಲಿ ಯಾವುದೋ ಹಳೆಯ ಸಿನಿಮಾದ ಮದುವೆ ದೃಶ್ಯ ಗಲಗಲ ಎನ್ನುತ್ತಿತ್ತು. ಹೆಂಡತಿ ನೆಲ ಒರೆಸುತ್ತಿದ್ದಳು.

"ಅಮ್ಮಾ, ಕಾಲೆತ್ತು," ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಅಮ್ಮಾ!" ಆಮೇಲೆ ನಕ್ಕಳು. "ನೋಡಿ ಬನ್ನಿ, ಕೂತಲ್ಲೇ ಗಡದ್ದಾಗಿ ನಿದ್ದೆ."

ಅವನು ಬಾಗಿಲಿಗೆ ಬಂದ. ಅತ್ತೆಯ ಬರಿಗಾಲು ಒದ್ದೆ ನೆಲದ ಮೇಲಿತ್ತು. ಎಡಗೈ ಬೆರಳುಗಳು ಪೆಟ್ಟಿಗೆಯ ಅಂಚನ್ನು ಕಚ್ಚಿ ಹಿಡಿದಿದ್ದವು. ಹೆಂಡತಿ ಒದ್ದೆ ಕೈಯನ್ನು ತಾಯಿಯ ಹೆಗಲಿನತ್ತ ಚಾಚಿದ್ದಳು.

"ಮುಟ್ಟಬೇಡ! ಕರೆಂಟು!"

ಆ ಕೂಗಿಗೆ ಅವಳು ಇದ್ದಲ್ಲೇ ಮರಗಟ್ಟಿದಳು. ಅವನು ಓಡಿಹೋಗಿ ಮೇನ್ ಸ್ವಿಚ್ ಕೆಳಗೆಳೆದ. ಸಿನಿಮಾದ ಗದ್ದಲ ಅರ್ಧಕ್ಕೆ ನಿಂತಿತು. ಅತ್ತೆಯ ಕೈ ಸಡಿಲವಾಯಿತು, ದೇಹ ಕುರ್ಚಿಯಿಂದ ಪಕ್ಕಕ್ಕೆ ಜಾರಿತು. ಇಬ್ಬರೂ ಸೇರಿ ನೆಲಕ್ಕೆ ಮಲಗಿಸಿದರು. ಅವನು ಎದೆ ಒತ್ತಿದ, ಒತ್ತುತ್ತಲೇ ಇದ್ದ. ಪಕ್ಕದ ಮನೆಯಾಕೆ ಡಾಕ್ಟರನ್ನು ಕರೆತಂದಳು. ಆತ ಬಗ್ಗಿ ನೋಡಿ, ಅವನ ಕೈಗಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

ಹೆಂಡತಿ ತಾಯಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಡಾಕ್ಟರು ಹೋದ ಮೇಲೆ ಅವನ ಕಡೆ ನೋಡಿದಳು.

"ನಾನು ಅಮ್ಮ ನಿದ್ದೆ ಮಾಡ್ತಿದಾಳೆ ಅಂದ್ಕೊಂಡೆ," ಎಂದಳು. "ನೀವು ಬಾಗಿಲಿಗೆ ಬಂದೋರು ನೋಡಿದ ತಕ್ಷಣ ಕರೆಂಟು ಅಂದ್ರಿ."

ಅವಳು ಅವನ ಉತ್ತರಕ್ಕಾಗಿ ಕಾಯುತ್ತ ಕೂತೇ ಇದ್ದಳು.