ಆರ್ಡರ್‌ಗಿಂತ ಮೊದಲು ಸುಟ್ಟ ಹುಲ್ಲು

ಇದನ್ನು ಎಲ್ಲಿಂದ ಶುರು ಮಾಡುವುದು? ಬೆಂಕಿಯಿಂದಲೋ, ಕಾಗದದಿಂದಲೋ? ಅಡವಿಯಪ್ಪನನ್ನು ಕೇಳಿದರೆ ಕಾಗದದಿಂದ ಅನ್ನುತ್ತಾನೆ. ಯಾಕೆಂದು ಆಮೇಲೆ ಗೊತ್ತಾಗುತ್ತದೆ.

(ಮೊದಲ ಕರಡಿನಲ್ಲಿ ಅವನನ್ನು ತುಮಕೂರಿನ ಬಟವಾಡಿಯ ಜೆರಾಕ್ಸ್ ಅಂಗಡಿ ಮುಂದೆ ನಿಲ್ಲಿಸಿದ್ದೆ. ಜೆರಾಕ್ಸ್ ಕುಣಿಗಲ್‌ನಲ್ಲೇ ಸಿಗುತ್ತದೆ, ಬಸ್ ಚಾರ್ಜ್ ನೀವು ಕೊಡುತ್ತೀರಾ ಎಂದು ಕೇಳಿದ. ಹರಿದು ಹಾಕಿದೆ.)

1

ಅಡವಿಯಪ್ಪ ಹುತ್ರಿದುರ್ಗದ ಬೆಟ್ಟಕ್ಕೆ ಹನ್ನೊಂದು ವರ್ಷದಿಂದ ಬೆಂಕಿ ಕಾವಲುಗಾರ. ಆದರೆ ವರ್ಷಕ್ಕೆ ನಾಲ್ಕೇ ತಿಂಗಳು. ಸಂಕ್ರಾಂತಿ ಕಳೆದರೆ ಅರಣ್ಯ ಇಲಾಖೆ ಕರೆಯುತ್ತದೆ, ಮಳೆ ಬಿದ್ದರೆ ಬಿಡುತ್ತದೆ. ಮೊದಲ ಕೆಲಸ ಬೆಂಕಿ ರೇಖೆ: ಕಾಡಂಚಿನ ಹುಲ್ಲನ್ನು ಪಟ್ಟಿಯಾಗಿ ತಾನೇ ಸುಟ್ಟು, ನಿಂತು ಆರಿಸುವುದು. ಆಮೇಲೆ ಹೊರಗಿಂದ ಬಂದ ಬೆಂಕಿ ಆ ಕರಿ ಪಟ್ಟಿ ದಾಟುವುದಿಲ್ಲ. ಹುಲ್ಲು ಅರೆಹಸಿ ಇದ್ದಾಗ, ಇಬ್ಬನಿ ಆರುವ ಮುಂಚೆ ಸುಡಬೇಕು. ತಡವಾದರೆ ಬೆಂಕಿ ಮಾತು ಕೇಳುವುದಿಲ್ಲ.

2

ಈ ವರ್ಷ ಕರೆ ಬರಲಿಲ್ಲ. ಅನುದಾನ ಬಿಡುಗಡೆಯಾಗಿಲ್ಲವಂತೆ. ಗಾರ್ಡ್ ಕಿರಣ್‌ಕುಮಾರ್ ಮೂರು ವಾರವೂ ಫೋನಿನಲ್ಲಿ ಇನ್ನೊಂದು ವಾರ ಎಂದ. ಹುಲ್ಲಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ, ಅದು ಒಣಗುತ್ತಲೇ ಹೋಯಿತು. ಅಡವಿಯಪ್ಪನಿಗೆ ಮುದ್ದೆ ಇಳಿಯಲಿಲ್ಲ. ಕೂಲಿ ಕೊಡದವರ ಬೆಟ್ಟದ ಚಿಂತೆ ನಿನಗ್ಯಾಕೆ ಎಂದು ಹೆಂಡತಿ ಗಂಗಾಂಬಿಕೆ ಬೈದಳು. ಫೆಬ್ರವರಿ ಒಂಬತ್ತರ ಬೆಳಿಗ್ಗೆ ಬೆಂಕಿಪೊಟ್ಟಣ, ಹಸಿ ಸೊಪ್ಪಿನ ಕೊಂಬೆ ಹಿಡಿದು ಹೋಗಿ ರೇಖೆ ಸುಟ್ಟ. ಒಂದು ಗೇಣೂ ಆಚೆ ಹರಿಯಲಿಲ್ಲ.

3

ಆಕಾಶದ ಉಪಗ್ರಹಕ್ಕೆ ಅದು ಕಂಡಿತು. ಕಚೇರಿಗೆ ಮೆಸೇಜು ಹೋಯಿತು. ಮಾರನೆಯ ದಿನ ಕಿರಣ್‌ಕುಮಾರ್ ಬಂದು ಬಂಡೆಯ ಮೇಲೆ ಕೂತ. ಸಂಜೆಯೊಳಗೆ ರಿಪೋರ್ಟ್ ಕೊಡಬೇಕು.

"ಆರ್ಡರ್ ಇದ್ದಿದ್ರೆ ಇದು ಬೆಂಕಿ ರೇಖೆ ಕಣಣ್ಣ. ಇಲ್ದೆ ಇದ್ರೆ ಕಾಡಿಗೆ ಬೆಂಕಿ ಇಕ್ಕಿದ ಕೇಸು. ಕೇಸಾದೋರ್ನ ಮತ್ತೆ ಕೆಲ್ಸಕ್ಕೆ ತಗಳಂಗಿಲ್ಲ."

"ಆರ್ಡರ್ ಬರೋಗಂಟ ಹುಲ್ಲು ಕಾಯ್ತದಾ?"

4

ಇಲ್ಲಿ ಅಡವಿಯಪ್ಪ ನನ್ನ ಕಡೆ ತಿರುಗಿದ.

"ಸ್ವಾಮಿ, ಕಥೆಗೆ ನಂಬರ್ ಹಾಕೋರು ನೀವೇ ತಾನೆ? ಒಂದಕ್ಕೂ ಎರಡಕ್ಕೂ ಮಧ್ಯ ಒಂದು ಆರ್ಡರ್ ತುರುಕ್ಬುಡಿ. ಒಂದೇ ಸಾಲು."

ಜನ ಆಗಲೇ ಓದಿಯಾಯಿತಲ್ಲಪ್ಪ ಎಂದೆ.

"ಓದೋರು ಬಾಯಿ ಬುಡಲ್ಲ. ಕಚೇರಿನೋರು ಕಥೆ ಓದಲ್ಲ."

(ಲೋಕ ಕಂಡವನು. ಅಂತ್ಯಗಳನ್ನು ಬರೆದು ನೋಡಿದೆ.)

5

ಅಂತ್ಯ ಒಂದು: ಹಿಂದಿನ ತಾರೀಕಿನ ಆರ್ಡರ್ ಬರೆಯುತ್ತೇನೆ. ಎಲ್ಲರೂ ಬಚಾವ್. ಆದರೆ ದುಡ್ಡು ತಡವಾದರೂ ಕಾಡು ಸುಡಲಿಲ್ಲವಾದ್ದರಿಂದ ಮುಂದಿನ ವರ್ಷವೂ ದುಡ್ಡು ತಡವಾಗುತ್ತದೆ.

ಅಂತ್ಯ ಎರಡು: ಪಕ್ಕದ ಗುಡ್ಡದಿಂದ ದೊಡ್ಡ ಬೆಂಕಿ ಬರುತ್ತದೆ, ಇವನ ರೇಖೆಗೆ ಬಂದು ನಿಲ್ಲುತ್ತದೆ. ಸಾಹೇಬರು ಹಾರ ಹಾಕುತ್ತಾರೆ. ಓದಿ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

"ನನ್ ಕೆಲ್ಸ ಉಳಿಸಾಕೆ ಗುಡ್ಡ ಸುಡ್ತೀರಾ ಸ್ವಾಮಿ? ಅಳಿಸಿ ಅದ್ನ."

ಅಳಿಸಿದೆ.

6

ಹೊತ್ತು ವಾಲುತ್ತಿದೆ. ಕಿರಣ್‌ಕುಮಾರ್ ತೊಡೆಯ ಮೇಲೆ ಫಾರಂ ಇಟ್ಟುಕೊಂಡಿದ್ದಾನೆ. 'ಕಾರಣ' ಎಂಬ ಕಡೆ ಪೆನ್ನು ನಿಂತಿದೆ. ನನ್ನದೂ.

"ಏನ್ ಬರೀಲಣ್ಣ?"

ಅಡವಿಯಪ್ಪ ಕೇಳಿಸಿಕೊಳ್ಳುತ್ತಿಲ್ಲ. ಗಾಳಿ ಮೂಡಣಕ್ಕೆ ತಿರುಗಿದೆ. ಅವನು ಆ ಕಡೆಯ ಇಳಿಜಾರನ್ನೇ ನೋಡುತ್ತಿದ್ದಾನೆ. ಅಲ್ಲಿ ಕರಿ ಪಟ್ಟಿ ಮುಗಿದು ಇಪ್ಪತ್ತು ಮಾರು ಹುಲ್ಲು ಹಾಗೇ ನಿಂತಿದೆ.

"ಆ ಮೂಲೆ ಉಳ್ಕಂಡದೆ," ಎಂದು ಜೇಬಿನ ಬೆಂಕಿಪೊಟ್ಟಣ ಮುಟ್ಟಿ ನೋಡಿಕೊಂಡ. "ನಾಳೆ ಇಬ್ಬನಿ ಆರೋಕ್ ಮುಂಚೆ ಮುಗಿಸ್ಬೇಕು."